ಒಳಮೈಯ ಸಿಬಿರು

ಸಿಬಿರು ಚುಚ್ಚಿದ್ದು ನನ್ನ ಹೆಬ್ಬೆರಳಿಗೆ, ಹಲ್ಲು ಕಚ್ಚಿದ್ದು ದೊಡ್ಡ ಮೇಸ್ತ್ರಿ.

“ಬಾಗಿಲು ಮುಟ್ಟಬೇಡಿ ಅಂತ ಆಗಲೇ ಹೇಳಿದ್ದೆ, ಮೇಡಂ” ಎಂದರು.

ತುಂಬಿದ ಸಭೆಯಲ್ಲಿ ಹೊರಗಿನ ಹೆಂಗಸೊಬ್ಬಳು ನೆಲಕ್ಕೆ ಮಂಡಿಯೂರಿ ತಮ್ಮ ಬೀದಿಯ ಹೆಮ್ಮೆಯ ಬಾಗಿಲನ್ನು ತಡವುತ್ತಿರುವುದು ಅವರಿಗೆ ಸಹಿಸದಾಗಿತ್ತು. ನಾನು ಬೆರಳು ಬಾಯಲ್ಲಿಟ್ಟುಕೊಂಡು ಅಲ್ಲೇ ಕುಳಿತೆ. ಪತ್ತೇದಾರಿಕೆಗೆ ಇಳಿದ ದಿನದಿಂದ ನನಗೊಂದು ಚಟ ಅಂಟಿದೆ, ಬೇಡ ಎಂದ ಕಡೆಗೇ ಕೈ ಹೋಗುತ್ತದೆ.

ಬಡಗಿಗಳ ಬೀದಿಯ ಸಭಾಂಗಣದ ಈ ಬಾಗಿಲಿನಿಂದ ಯಾರೋ ಎರಡು ಹಲಗೆಗಳನ್ನು ಕೊಯ್ದು ಒಯ್ದಿದ್ದರು, ಒಂದು ಹೊಸ್ತಿಲ ಹತ್ತಿರದ್ದು, ಇನ್ನೊಂದು ತಲೆಗಿಂತ ಎತ್ತರದ್ದು. ಆರೋಪ ಬಿದ್ದದ್ದು ಬಾಗಿಲು ಮಾಡಿದ ಮನೆತನದ ಮೊಮ್ಮಗನ ಮೇಲೆ.

ಅವನನ್ನು ಎಲ್ಲರೂ ಕಿಡಿ ಎನ್ನುತ್ತಾರೆ. ಮರದ ಹೊಟ್ಟು, ವಾರ್ನಿಷ್ ತುಂಬಿದ ಬೀದಿಯಲ್ಲಿ ಅದು ಮುದ್ದಿನ ಹೆಸರಲ್ಲ. ಅಪ್ಪ ತೀರಿಕೊಂಡ ಮೇಲೆ ಹುಡುಗ ಮನೆಯಲ್ಲಿ ಮಾತು ಬಿಟ್ಟಿದ್ದ, ಹೊರಗೆ ಜಗಳ ಹಿಡಿದಿದ್ದ. ಅಂಗಡಿಯ ಗಾಜಿಗೆ ಕೊಡತಿ ಎಸೆದದ್ದನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿ ಅರ್ಧ ಜನ ಇದ್ದರು, ಕಾಣದಿದ್ದರೂ ವರ್ಣಿಸಬಲ್ಲವರು ಉಳಿದರ್ಧ. ಹಲಗೆ ಹೋದ ಸಂಜೆ ಅವನು ಉಪಕರಣದ ಚೀಲ ಹೆಗಲಿಗೇರಿಸಿಕೊಂಡು ಬೀದಿಯ ಕೊನೆಯಲ್ಲಿ ಹೋಗುತ್ತಿದ್ದುದನ್ನು ಜನ ನೋಡಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಿದ್ದೆ, ದೊಡ್ಡ ಮೇಸ್ತ್ರಿ ಕೇಳಿದ್ದರು, ಅವನ ಅಜ್ಜಿಯೂ ಕೇಳಿದ್ದರು. ಹುಡುಗ ಬಾಯಿಗೆ ಬೀಗ ಜಡಿದುಕೊಂಡಿದ್ದ.

ಇಂದಿನ ಸಭೆ ಅವನ ಕೆಲಸದ ಮೇಜನ್ನು ಕಸಿಯಲು ಸೇರಿತ್ತು. ಈ ಬೀದಿಯಲ್ಲಿ ಮೇಜು ಹೋದರೆ ಎಲ್ಲ ಹೋದಂತೆ. ಉಪಕರಣ ಹಿಡಿಯುವಂತಿಲ್ಲ, ಮನೆತನದ ಗುರುತನ್ನು ಮರದ ಮೇಲೆ ಕೆತ್ತುವಂತಿಲ್ಲ, ಎದುರು ಸಿಕ್ಕವರು ಮುಖ ತಿರುಗಿಸುತ್ತಾರೆ. ಮರ ಮುಟ್ಟದಿದ್ದರೆ ಊಟ ಸೇರದ ಹುಡುಗ ಅವನು, ಅಷ್ಟು ನನಗೆ ಗೊತ್ತಿತ್ತು.

ನನ್ನನ್ನು ಕರೆಸಿದ್ದು ಅಜ್ಜಿ. ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ, ವಾರಕ್ಕೊಮ್ಮೆ ಸಭಾಂಗಣದ ಹಿಂಬಾಗಿಲಿನ ಬೀಗ ತೆಗೆದು ಬಂದು ಈ ಬಾಗಿಲಿಗೆ ತಾವೇ ಎಣ್ಣೆ ಒರೆಸುವ ಹೆಂಗಸು. ಅವರು ಹೇಳಿದ ಮಾತು ವಿಚಿತ್ರವಾಗಿತ್ತು. “ನನ್ನ ಮೊಮ್ಮಗ ಮಾಡಿಲ್ಲ ಅಂತ ತೋರಿಸಿಕೊಡಿ. ಯಾರು ಮಾಡಿದ್ದು ಅಂತ ಹುಡುಕೋದು ಬೇಡ.” ಅಡುಗೆ ಮಾಡಿ, ಒಲೆ ಹಚ್ಚಬೇಡಿ ಅಂದ ಹಾಗಿದೆ ಎಂದಿದ್ದೆ. ಅಜ್ಜಿ ನಗಲಿಲ್ಲ. ನಾನು ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವ ಪೈಕಿ ನಾನಲ್ಲ, ಆದರೆ ತಲೆಯೊಳಗೆ ಹುಡುಕಾಟ ನಿಲ್ಲಿಸುವ ಪೈಕಿಯೂ ಅಲ್ಲ.

ಎದ್ದು ನಿಂತು ಸೀರೆಗೆ ಮೆತ್ತಿದ ಹೊಟ್ಟು ಕೊಡವಿದೆ. ಕೊಯ್ದವನು ಎಲ್ಲಿ ನಿಂತಿದ್ದ ಎಂಬುದನ್ನು ಇನ್ನೊಮ್ಮೆ ಎಲ್ಲರ ಮುಂದೆ ಹೇಳಬೇಕೆಂದು ದೊಡ್ಡ ಮೇಸ್ತ್ರಿಯನ್ನು ಕೇಳಿಕೊಂಡೆ.

ಅವರು ಕಿಡಿಯ ಅಜ್ಜನ ತಮ್ಮ. ಬೀದಿಗೆಲ್ಲ ಹಿರಿಯರು. ತಾಯಿಯಿಲ್ಲದ ತನ್ನನ್ನು ಅತ್ತಿಗೆ ಹೆತ್ತ ತಾಯಿಯ ಹಾಗೆ ಸಾಕಿದರು ಎಂದು ಎಲ್ಲ ಸಭೆಯಲ್ಲೂ ಹೇಳಿಕೊಳ್ಳುವವರು. ಆ ಅತ್ತಿಗೆಯ ಮೊಮ್ಮಗನನ್ನೇ ಹೊರಹಾಕಲು ಹೊರಟಾಗ ಅವರ ದನಿ ಸ್ವಲ್ಪವೂ ನಡುಗಲಿಲ್ಲ. ನ್ಯಾಯಕ್ಕೆ ನೆಂಟಸ್ತನವಿಲ್ಲ ಎಂದು ಆರಂಭದಲ್ಲೇ ಘೋಷಿಸಿ ಚಪ್ಪಾಳೆ ಗಿಟ್ಟಿಸಿದ್ದರು.

“ಮರ ಕೊಯ್ದಾಗ ಹಲ್ಲು ಹೊರಗೆ ಬರೋ ಕಡೆ ಸಿಬಿರು ಏಳುತ್ತೆ” ಎಂದರು, ಮಕ್ಕಳಿಗೆ ಪಾಠ ಹೇಳುವಂತೆ. “ಗರಗಸವನ್ನು ಮುಂದಕ್ಕೆ ತಳ್ಳಿ ಕೊಯ್ಯೋದು. ಹಾಗಾಗಿ ನಾವು ನಿಂತ ಕಡೆ ನುಣುಪು, ಆಚೆ ಕಡೆ ಸಿಬಿರು. ಇಲ್ಲಿ ಸಿಬಿರು ಒಳಗಡೆ ಇದೆ. ಅಂದ ಮೇಲೆ ಕೊಯ್ದವನು ಹೊರಗೆ, ಮೆಟ್ಟಿಲ ಮೇಲೆ ನಿಂತಿದ್ದ. ಇದು ಸಣ್ಣ ಮಗುವಿಗೂ ಗೊತ್ತು.”

ಸಭೆ ತಲೆಯಾಡಿಸಿತು. ಎರಡೂ ಹಲಗೆಗಳಲ್ಲಿ ಹಾಗೇ ಇದೆಯೇ ಎಂದೆ. ಎರಡರಲ್ಲೂ ಸಿಬಿರು ಒಳಗೇ ಎಂದು ಅವರೇ ಒಪ್ಪಿದರು.

“ಆ ದಿನ ಮಧ್ಯಾಹ್ನವೇ ಮೆಟ್ಟಿಲಿಗೆ ಹೊಸ ಸಿಮೆಂಟು ಹಾಕಿದ್ದಾರೆ” ಎಂದೆ. “ಬನ್ನಿ, ಎಲ್ಲರೂ ನೋಡಿ.”

ಯಾರೂ ಏಳಲಿಲ್ಲ. ಅವರೆಲ್ಲ ಬೆಳಿಗ್ಗೆ ಅದೇ ಮೆಟ್ಟಿಲು ಹತ್ತಿ ಬಂದವರು, ಅಲ್ಲಿ ಏನಿದೆ ಎಂಬುದು ಗೊತ್ತಿದ್ದವರು. ಈಗ ಗಟ್ಟಿಯಾದ ಆ ಸಿಮೆಂಟಿನ ಮೇಲೆ ಒಂದು ಬೆಕ್ಕು ಎಡದಿಂದ ಬಲಕ್ಕೆ, ಯಾವ ಗಡಿಬಿಡಿಯೂ ಇಲ್ಲದೆ ನಡೆದುಹೋಗಿತ್ತು. ಉಗುರು ಸಮೇತ ಅದರ ಹೆಜ್ಜೆ ಉಳಿದಿತ್ತು.

“ಬೆಕ್ಕಿನ ಪಾದ ಮೂಡಿದೆ. ಬಾಗಿಲ ಮುಂದೆ ಬಹಳ ಹೊತ್ತು ನಿಂತು ಎರಡು ಹಲಗೆ ಕೊಯ್ದ ಇಷ್ಟೆತ್ತರದ ಹುಡುಗನ ಪಾದ ಮೂಡಿಲ್ಲ. ಅವನೇನು ಗಾಳಿಯಲ್ಲಿ ತೇಲುತ್ತಿದ್ದನೇ?”

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ದೊಡ್ಡ ಮೇಸ್ತ್ರಿ ಕೈ ಎತ್ತಿ, ಸಿಮೆಂಟು ಗಾರೆಯವರ ವಿಷಯ, ಅದು ಸುಳ್ಳು ಹೇಳಬಹುದು, ಗರಗಸ ಸುಳ್ಳು ಹೇಳುವುದಿಲ್ಲ ಎಂದು ತೀರ್ಪು ಕೊಟ್ಟರು. ಇಡೀ ಸಭೆ ಅದನ್ನೂ ಒಪ್ಪಿಕೊಂಡಿತು. ಬಡಗಿಗಳ ಬೀದಿ, ಬೇರೇನು ನಿರೀಕ್ಷಿಸಲಿ.

ಸಭೆಯವರ ತಪ್ಪು ಇದ್ದದ್ದು ಅಲ್ಲೇ. ಜಗತ್ತಿನಲ್ಲಿ ಗರಗಸ ಹಿಡಿಯುವ ಕ್ರಮ ಒಂದೇ ಎಂದು ಅವರು ನಂಬಿದ್ದರು. ಇನ್ನೊಂದು ಕ್ರಮ ಬಲ್ಲ ಬಡಗಿಗಳು ಬೀದಿಯ ಕೊನೆಯ ಸೇತುವೆ ದಾಟಿದರೆ ಸಿಗುತ್ತಿದ್ದರು, ಆದರೆ ಇಲ್ಲಿಯ ಜನ ಸೇತುವೆ ದಾಟುವುದಿಲ್ಲ. ಆಚೆಯವರು ಎಂದರೆ ಇವರಿಗೆ ಮುಖ ಸಿಂಡರಿಸುವ ಮಾತು. ಅವರ ಜೊತೆ ಊಟವಿಲ್ಲ, ಸಂಬಂಧವಿಲ್ಲ, ಅವರ ಉಪಕರಣ ಬೆರಳಿಗೆ ತಾಕುವಂತಿಲ್ಲ. ಮೂರು ತಲೆಮಾರಿನೊಳಗೆ ಆಚೆಯ ರಕ್ತ ಬೆರೆತಿದ್ದರೆ ಅಂಥವರಿಗೆ ಈ ಬೀದಿಯಲ್ಲಿ ಮೇಜಿಲ್ಲ. ಇಂಥ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳಲು ನನಗೆ ಬರುವುದೂ ಇಲ್ಲ.

ನಾನು ಸೇತುವೆ ದಾಟಿದ್ದೆ. ನಿನ್ನೆ ಬೆಳಿಗ್ಗೆ, ಹಗಲು ಬೆಳಕಿನಲ್ಲಿ, ಎಲ್ಲರೂ ನೋಡುತ್ತಿರುವಾಗ. ನನ್ನ ಚೀಲದಿಂದ ಆಚೆಯ ಗರಗಸವೊಂದನ್ನು ತೆಗೆದು ಮೇಜಿನ ಮೇಲಿಟ್ಟೆ. ಮುಂದಿನ ಸಾಲಿನವರು ಹಾವು ಕಂಡವರಂತೆ ಕಾಲು ಹಿಂದಕ್ಕೆಳೆದುಕೊಂಡರು.

“ಇದರ ಹಲ್ಲು ನೋಡಿ. ಹಿಡಿಯ ಕಡೆಗೆ ತಿರುಗಿದೆ. ಇದನ್ನು ತಳ್ಳಿದರೆ ಕೊಯ್ಯೋದಿಲ್ಲ, ತನ್ನ ಕಡೆಗೆ ಎಳೆಯಬೇಕು. ಎಳೆದರೆ ಸಿಬಿರು ಏಳೋದು ಕೊಯ್ಯುವವರ ಕಡೆಗೇ. ಮೇಸ್ತ್ರಿಗಳೇ, ಕೊಯ್ದವರು ನಿಂತದ್ದು ಹೊರಗಲ್ಲ, ಒಳಗೆ. ಆಚೆಯವರ ಕ್ರಮದಲ್ಲಿ ಕೊಯ್ದಿದ್ದಾರೆ. ಈ ಹುಡುಗನಿಗೆ ಆ ಕ್ರಮ ಕಲಿಸಿದವರು ಈ ಬೀದಿಯಲ್ಲಿ ಯಾರಿದ್ದಾರೆ?”

ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಯಾರ ಹೆಸರನ್ನೂ ಎತ್ತದೆ ಹುಡುಗನನ್ನು ಬಿಡಿಸಿಬಿಡುವುದು. ನನ್ನ ಮನಸ್ಸಿನಲ್ಲಿ ಒಂದು ಮುಖ ಸುಳಿದಿತ್ತು, ಹಿಂಬಾಗಿಲ ಬೀಗದ ಕೈ ಇರುವ ಮುಖ. ಅದನ್ನು ಬಾಯಿಗೆ ತರಲಿಲ್ಲ. ಗೆದ್ದೆ ಎಂದುಕೊಂಡು ಸಭೆಯತ್ತ ತಿರುಗಿದೆ, ಸ್ವಲ್ಪ ಗರ್ವದಿಂದಲೇ.

ಆಗ ಕಿಡಿ ಬಾಯಿ ತೆರೆದ.

“ನಾನು ಆ ಸಂಜೆ ಸೇತುವೆ ಆಚೆಗೇ ಹೋಗಿದ್ದೆ” ಎಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಷ್ಟು ದಿನ ಯಾರು ಕೇಳಿದರೂ ಬಾಯಿ ಬಿಡದ ಹುಡುಗ, ಬಾಯಿ ಬಿಡಬಾರದ ಗಳಿಗೆ ಹುಡುಕಿ ಬಿಟ್ಟಿದ್ದ. ದೊಡ್ಡ ಮೇಸ್ತ್ರಿಯ ಮುಖದ ಮೇಲೆ ನಗುವೊಂದು ನಿಧಾನವಾಗಿ ಹರಡಿತು. ಕಲಿಸಿದವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ, ಪತ್ತೇದಾರಿ ಮೇಡಂ ಒಳ್ಳೆಯ ಕೆಲಸ ಮಾಡಿದರು ಎಂದು ನನಗೇ ಶಹಬ್ಬಾಸ್ ಹೇಳಿದರು. ಹುಡುಗ ಆಚೆಗೆ ಹೋಗಿ ಎಳೆಯುವುದನ್ನು ಕಲಿತು ಬಂದಿದ್ದಾನೆ, ಹೇಗೋ ಒಳಗೆ ನುಸುಳಿದ್ದಾನೆ. ಈಗ ತಪ್ಪು ಒಂದಲ್ಲ, ಎರಡು ಎಂದರು.

ನನಗೆ ಆ ಹೊತ್ತಿಗೆ ನನ್ನ ಮೇಲೆಯೇ ಸಿಟ್ಟು ಬಂದಿತ್ತು. ಕಿಡಿಗೆ ಮಾತ್ರ ಯಾವ ಗಾಬರಿಯೂ ಇರಲಿಲ್ಲ. ಹೊಗೆಯಾಡುತ್ತಲೇ ಇರುವ ಹುಡುಗನನ್ನು ನಾನು ಕಂಡಿದ್ದೆ. ಹೀಗೆ ತಣ್ಣಗೆ, ತಲೆಯೆತ್ತಿ ನಿಂತವನನ್ನು ಕಂಡಿರಲಿಲ್ಲ.

“ಯಾಕೆ ಹೋಗಿದ್ದೆ?” ದೊಡ್ಡ ಮೇಸ್ತ್ರಿ ಕೇಳಿದರು.

“ನೆಂಟರ ಮನೆಗೆ.”

“ಆಚೆ ನಮಗೆ ನೆಂಟರಿಲ್ಲ.”

“ನಿಮಗಿಲ್ಲ ಚಿಕ್ಕಜ್ಜ, ನನಗಿದ್ದಾರೆ.” ಅವನು ಅಜ್ಜಿಯ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. “ಅಪ್ಪ ಸಾಯೋ ಮುಂಚೆ ಹೇಳಿ ಹೋದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ನನ್ನಲ್ಲಿ ಏನೋ ಕೊಳೆ ಇದೆ ಅಂತ ನನ್ನನ್ನೇ ನಾನು ಹೊಡಕೊಳ್ಳೋ ಹಾಗಿದ್ದೆ. ಆವತ್ತು ಹೋಗಿ ನೋಡಿದೆ. ನನ್ನ ಮೂಗು ಅವರ ಮನೆಯವರಿಗೆಲ್ಲ ಇದೆ. ಅವರ ಕೆಲಸ ನೋಡಿದೆ. ಅಷ್ಟು ಚೊಕ್ಕ ಕೆಲಸ ಈ ಬೀದಿಯಲ್ಲಿ ನಾನು ನೋಡಿಲ್ಲ, ಈ ಬಾಗಿಲೊಂದು ಬಿಟ್ಟು. ವಾಪಸ್ ಬರುವಾಗ ಸೇತುವೆ ಮೇಲೆ ನಿಂತು ಹೊಟ್ಟೆ ತುಂಬ ನಕ್ಕೆ. ಯಾರು ಆ ನೆಂಟರು ಅಂತ ಮಾತ್ರ ಕೇಳಬೇಡಿ, ಹೇಳಲ್ಲ. ಮೇಜು ತಗೊಳ್ಳಿ.”

ಆಗ ನನಗೆ ಪೂರ್ತಿ ತಿಳಿಯಿತು. ಇವನ ಮೌನ ಮೊಂಡುತನವಾಗಿರಲಿಲ್ಲ. ಅಜ್ಜಿಯ ಗುಟ್ಟು ಕಾಯಲು ಮೊಮ್ಮಗ ಬಾಯಿ ಮುಚ್ಚಿದ್ದ, ಈಗ ಅನುಮಾನ ಅಜ್ಜಿಯ ಕಡೆ ತಿರುಗದಿರಲಿ ಎಂದೇ ಬಾಯಿ ತೆರೆದಿದ್ದ. ಮೊಮ್ಮಗನನ್ನು ಕಾಯಲು ಅಜ್ಜಿ ನನ್ನನ್ನು ಕರೆಸಿದ್ದರು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು ಉಣ್ಣುತ್ತ, ಇಬ್ಬರೂ ಒಬ್ಬರಿಂದೊಬ್ಬರು ಅಡಗಿಕೊಂಡಿದ್ದರು.

“ಇವನು ಎಳೆಯೋದು ಕಲಿತಿದ್ದಾನಾ ಇಲ್ವಾ, ಪರೀಕ್ಷೆ ಮಾಡಿ.”

ಮಾತಾಡಿದ್ದು ಅಜ್ಜಿ. ಹೆಂಗಸರ ಸಾಲಿನ ತುದಿಯಲ್ಲಿ ಕುಳಿತಿದ್ದವರು ಎದ್ದು ನಿಂತಿದ್ದರು. ದನಿ ಎತ್ತರಿಸಿರಲಿಲ್ಲ. ಆದರೂ ಗುಸುಗುಸು ನಿಂತಿತು.

ಒಂದು ತೆಳು ಹಲಗೆ ತರಿಸಿದರು. ಕಿಡಿ ಬೇಡವೆಂದು ತಲೆಯಾಡಿಸಿದ. ಅಜ್ಜಿ ಸುಮ್ಮನೆ ದಿಟ್ಟಿಸಿದರು, ಅವನು ಗರಗಸ ಎತ್ತಿಕೊಂಡ. ಹಲಗೆಯನ್ನು ಮೇಜಿನ ಅಂಚಿಗೊತ್ತಿ, ಬೂಟುಗಾಲಲ್ಲಿ ನಿಂತು, ಮೈಗೆ ರೂಢಿಯಾದಂತೆ ತಳ್ಳಿದ. ಅಲಗು ಬಿಲ್ಲಿನ ಹಾಗೆ ಬಾಗಿತು. ಎಳೆಯಲು ನೋಡಿದ, ಹಲ್ಲು ಸಿಕ್ಕಿಕೊಂಡಿತು. ಬೆವರಿದ. ಮರದ ಮೇಲೆ ಇಲಿ ಕಡಿದಂಥ ಗಾಯವಾಯಿತೇ ಹೊರತು ಕೊಯ್ತ ಮೂಡಲಿಲ್ಲ. ಅಷ್ಟು ಜನ ಬಡಗಿಗಳ ಕಣ್ಣಿಗೆ ಮಣ್ಣೆರಚಲು ಆಗುವ ಮಾತಲ್ಲ ಅದು. ಬಾರದ ಕೈಯನ್ನು ಬರುವ ಕೈಯಂತೆ ತೋರಿಸಬಹುದೇನೋ, ಬರುವ ಕೈಗೆ ಅಷ್ಟು ಹದಗೆಟ್ಟು ಕೊಯ್ಯಲು ಸಾಧ್ಯವೇ ಇಲ್ಲ. ಅವರ ಮುಖಗಳೇ ಅದನ್ನು ಹೇಳಿದವು.

“ಕೊಡು ಇಲ್ಲಿ” ಎಂದರು ಅಜ್ಜಿ.

ಚಪ್ಪಲಿ ಕಳಚಿದರು. ನೆಲದ ಮೇಲೆ ಕುಳಿತು ಹಲಗೆಯನ್ನು ಮಗ್ಗುಲಿಗೆ ಇಟ್ಟುಕೊಂಡು, ಬರಿಯ ಬಲಗಾಲನ್ನು ಅದರ ಮೇಲೆ ಊರಿದರು. ಕಾಲಿನ ಬೆರಳುಗಳು ಮರವನ್ನು ಹಿಡಿದ ರೀತಿ ನೋಡಿದರೆ ಅವುಗಳಿಗೆ ಬೇರೆಯೇ ಬುದ್ಧಿ ಇದೆ ಎನಿಸುತ್ತಿತ್ತು. ಗೆರೆ ಎಳೆಯಲಿಲ್ಲ, ಅಳತೆ ಹಿಡಿಯಲಿಲ್ಲ. ಒಂದು ಉಸಿರು ತೆಗೆದುಕೊಂಡು ಗರಗಸವನ್ನು ತಮ್ಮ ಕಡೆಗೆ ಎಳೆದರು.

ಆ ಸದ್ದು ಬೇರೆ. ಇಲ್ಲಿಯ ಗರಗಸ ಗೊಣಗುತ್ತದೆ, ಇದು ಪಿಸುಗುಟ್ಟಿತು. ಹೊಟ್ಟು ಅವರ ಸೀರೆಯ ನೆರಿಗೆಯ ಮೇಲೆ ಉದುರತೊಡಗಿತು. ಹಲಗೆ ಎರಡಾಯಿತು. ಮುದುಕ ಮೇಸ್ತ್ರಿಯೊಬ್ಬರು ತಡೆಯಲಾರದೆ ಎದ್ದು ಬಂದು, ಕೊಯ್ದ ಅಂಚಿಗೆ ಉಗುರು ಹಾಯಿಸಿ ನೋಡಿದರು. ಆಚೆಯ ಉಪಕರಣದ ಕೊಯ್ತ ಮುಟ್ಟಿದೆ ಎಂಬುದು ಅವರಿಗೆ ನೆನಪಾಗಲಿಲ್ಲ. ಕೆಲಸ ಬಲ್ಲವರು ಮೊದಲು ಕೆಲಸವನ್ನೇ ನೋಡುತ್ತಾರೆ.

“ನಾನು ಆಚೆಯವಳು” ಎಂದರು ಅಜ್ಜಿ, ಕುಳಿತಲ್ಲಿಂದಲೇ. “ಈ ಬಾಗಿಲು ಮಾಡಿದ್ದೂ ನಾನೇ. ಯಜಮಾನರಿಗೆ ಬಾಗಿಲ ಕೆಲಸ ಒಪ್ಪಿಸಿದ್ರಿ, ಅವರು ಕಾಯಿಲೆ ಬಿದ್ದರು. ಕಿಟಕಿ ಮುಚ್ಚಿಕೊಂಡು ನಾನು ಮಾಡಿದೆ. ಹೊಸ್ತಿಲ ಪಕ್ಕದ ಹಲಗೆಗೆ ಹಿತ್ತಾಳೆ ತಗಡು ಹೊಡೆದಿದ್ದೆ ನೋಡಿ, ಅದರ ಹಿಂದೆ ನನ್ನ ತವರಿನ ಗುರುತು ಕೆತ್ತಿದ್ದೆ. ಅಷ್ಟೂ ಆಸೆ ಇರಬಾರದಾ ಮನುಷ್ಯರಿಗೆ? ನೀವು ಬಾಗಿಲು ಬಿಚ್ಚಿಸಿ, ತಗಡೆಲ್ಲ ಕೀಳಿಸಿ ಹೊಸ ವಾರ್ನಿಷ್ ಹಾಕಿಸ್ತೀವಿ ಅಂದ್ರಿ. ಗುರುತು ಕಂಡರೆ ಇವನ ಮೇಜು ಹೋಗುತ್ತಲ್ಲ ಅಂತ ಕೊಯ್ದುಕೊಂಡು ಹೋದೆ. ಕೆರೆದು ಅಳಿಸಬಹುದಾಗಿತ್ತು. ಕೈ ಬರಲಿಲ್ಲ.”

ಕಿಡಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ.

“ನನಗಾದರೂ ಹೇಳಬಾರದಿತ್ತಾ ಅಜ್ಜಿ?”

“ಹೇಳಿದ್ದರೆ ನೀನೂ ನನ್ನ ಹಾಗೆ ಬಚ್ಚಿಟ್ಟುಕೊಂಡು ಬದುಕಬೇಕಾಗ್ತಿತ್ತು.”

“ಇನ್ನು ಬಚ್ಚಿಡಲ್ಲ” ಎಂದ ಅವನು. ಎದ್ದು ಸಭೆಗೆ ಎದುರಾದ. “ನಲವತ್ತು ವರ್ಷದಿಂದ ಊರೂರಿನ ಜನಕ್ಕೆ ಈ ಬಾಗಿಲು ತೋರಿಸಿ ಮೀಸೆ ತಿರುವಿದ್ದೀರಿ. ಅದನ್ನು ಮಾಡಿದ ಕೈ ಇದು. ನಾನು ಈ ಕೈಯ ಮೊಮ್ಮಗ. ಮೇಜು ಹೊರಗೆ ಹಾಕ್ತೀರಾ, ಹಾಕಿ. ಮೊದಲು ಬಾಗಿಲು ಹೊರಗೆ ಹಾಕಿ.”

ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೆಲಸಕ್ಕೆ ಬಂದವಳು ಹೆಮ್ಮೆ ಪಡಬಾರದೆಂಬ ನಿಯಮವಿದ್ದರೆ ಆ ನಿಯಮಕ್ಕೆ ಒಂದು ನಮಸ್ಕಾರ. ಹೆಂಗಸರ ಸಾಲಿನಲ್ಲಿ ಒಬ್ಬರು ಎದ್ದು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತರು. ಇನ್ನೊಬ್ಬರು ಬಂದರು. ಗಂಡಸರು ಮಾತ್ರ ದೊಡ್ಡ ಮೇಸ್ತ್ರಿಯ ಬಾಯಿ ನೋಡುತ್ತಿದ್ದರು. ಅವರ ಒಂದು ಮಾತಿನ ಮೇಲೆ ಇಬ್ಬರ ಬದುಕು ನಿಂತಿತ್ತು.

ದೊಡ್ಡ ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಅತ್ತಿಗೆ ತಾವಾಗಿಯೇ ಒಪ್ಪಿಕೊಂಡ ಮೇಲೆ ವಿಚಾರಿಸಲು ಏನೂ ಉಳಿದಿಲ್ಲ, ನಿಯಮ ನಿಯಮವೇ, ಇಬ್ಬರೂ ಇಂದೇ ಬೀದಿ ಬಿಡತಕ್ಕದ್ದು ಎಂದರು. ಬಹಳ ಅವಸರದಲ್ಲಿ ಹೇಳಿದರು. ನನ್ನ ಕಿವಿ ನಿಮಿರಿದ್ದು ಆ ಅವಸರಕ್ಕೆ.

ಮೇಲಿನ ಹಲಗೆಯನ್ನು ಹೇಗೆ ಕೊಯ್ದಿರಿ, ಏಣಿ ಯಾರು ಹಿಡಿದರು ಎಂದು ಅಜ್ಜಿಯನ್ನು ಕೇಳಿದೆ.

“ನಾನು ಮೇಲಿನದು ಮುಟ್ಟಿಲ್ಲ” ಎಂದರು ಅಜ್ಜಿ. “ಈ ಮಂಡಿ ಇಟ್ಟುಕೊಂಡು ಏಣಿ ಹತ್ತಲಾ? ಮಾರನೇ ದಿನ ಎರಡು ಹೋಗಿದೆ ಅಂದಾಗ ನನಗೇ ಎದೆ ಧಸಕ್ ಅಂತು. ಆ ಮೇಲಿನ ತಗಡು ನಾನು ಹೊಡೆದದ್ದೂ ಅಲ್ಲ. ಬಾಗಿಲು ನಿಲ್ಲಿಸಿದ ಮೇಲೆ ಬೇರೆ ಯಾರೋ ಹೊಡೆದದ್ದು. ಅದರ ಹಿಂದೆ ಏನಿತ್ತು ಅಂತ ನಾನು ಕಂಡಿಲ್ಲ.”

ಎಲ್ಲರ ತಲೆಯೂ ಒಟ್ಟಿಗೆ ಮೇಲೆ ತಿರುಗಿತು. ಎತ್ತರದ ಆ ಖಾಲಿ ಚೌಕದಿಂದ ಮಧ್ಯಾಹ್ನದ ಬಿಸಿಲು ಒಳಗೆ ಬೀಳುತ್ತಿತ್ತು. ಅದರ ಒಳಮೈಯಲ್ಲೂ ಸಿಬಿರು ಎದ್ದಿದ್ದವು, ಕೆಳಗಿನದರಂತೆಯೇ. ಎರಡರಲ್ಲೂ ಸಿಬಿರು ಒಳಗೇ ಎಂದು ದೊಡ್ಡ ಮೇಸ್ತ್ರಿ ತಮ್ಮ ಬಾಯಾರೆ ಹೇಳಿಯಾಗಿತ್ತು.

ಎಳೆದು ಕೊಯ್ಯಬಲ್ಲ, ತಗಡಿನ ಹಿಂದೆ ಏನನ್ನೋ ಬಚ್ಚಿಟ್ಟ ಇನ್ನೊಬ್ಬರು ಈ ಬೀದಿಯಲ್ಲಿದ್ದರು. ಸಭಾಂಗಣದ ಬೀಗದ ಕೈ ಇರುವುದು ಇಬ್ಬರ ಬಳಿ ಮಾತ್ರ. ಒಬ್ಬರು ನೆಲದ ಮೇಲೆ ಕುಳಿತಿದ್ದರು, ಇನ್ನೊಬ್ಬರು ಸಭೆಯ ಮುಂದಿನ ಕುರ್ಚಿಯಲ್ಲಿ.

“ಅಜ್ಜಿ, ಈ ಬೀದಿಯಲ್ಲಿ ಎಳೆಯೋದನ್ನು ಯಾರಿಗಾದರೂ ಕಲಿಸಿದ್ರಾ?” ಎಂದೆ.

ಅವರು ಮಡಿಲ ಮೇಲಿನ ಹೊಟ್ಟನ್ನು ಬೊಗಸೆಗೆ ಕೂಡಿಸಿಕೊಂಡರು.

“ಒಬ್ಬನಿಗೆ” ಎಂದರು. “ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ತಾಯಿ ಇಲ್ಲದ ಮಗು ಒಂದಿತ್ತು. ಅಳು ನಿಲ್ಲಿಸ್ತಿರಲಿಲ್ಲ. ತೊಡೆ ಮೇಲೆ ಕೂರಿಸಿಕೊಂಡು, ಕೈ ಮೇಲೆ ಕೈ ಇಟ್ಟು ಎಳೆಸಿದೆ. ಆ ಸದ್ದು ಕೇಳಿದ್ರೆ ಸುಮ್ಮನಾಗ್ತಿತ್ತು. ಈ ಕಿಡಿಗಿಂತ, ಇವನಪ್ಪನಿಗಿಂತ ಒಳ್ಳೆ ಕೈ ಅದು. ನನ್ನ ಕೈಗಿಂತಲೂ.”

ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ, ಪ್ರತಿ ಸಭೆಯಲ್ಲೂ ಆ ತಾಯಿಯಿಲ್ಲದ ಮಗುವಿನ ಕಥೆ ಕೇಳಿ ಚಪ್ಪಾಳೆ ತಟ್ಟಿದವರೇ ಎಲ್ಲರೂ.

ಕಿಡಿ ಗರಗಸವನ್ನು ಎತ್ತಿಕೊಂಡ. ಕೊಯ್ದುಳಿದ ಹಲಗೆಯ ತುಂಡನ್ನು ದೊಡ್ಡ ಮೇಸ್ತ್ರಿಯ ಕಾಲ ಬಳಿ ಇಟ್ಟು, ಹಿಡಿಯನ್ನು ಅವರ ಕಡೆ ಮಾಡಿ ಎರಡೂ ಕೈಯಿಂದ ಚಾಚಿದ. ಅಷ್ಟು ಮರ್ಯಾದೆಯಿಂದ ಅವನು ಯಾರಿಗೂ ಏನನ್ನೂ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

“ಚಿಕ್ಕಜ್ಜ” ಎಂದ. “ನೀವೂ ಒಂದು ಸಲ ಕೊಯ್ದು ತೋರಿಸಿ.”

ಇದು ಅವಮಾನ, ಸಭೆ ಮುಗಿಯಿತು ಎಂದು ಹಿಂದಿನಿಂದ ಯಾರೋ ಕೂಗಿದರು. ದೊಡ್ಡ ಮೇಸ್ತ್ರಿ ಅತ್ತ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಅತ್ತಿಗೆಯ ಬರಿಗಾಲಿನ ಮೇಲೆ, ಬೆರಳುಗಳ ನಡುವೆ ಇನ್ನೂ ಅಂಟಿದ್ದ ಹೊಟ್ಟಿನ ಮೇಲೆ ನೆಟ್ಟಿತ್ತು.

ಆಮೇಲೆ ಅವರು ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ, ಬಲಗಾಲಿನ ಬೂಟಿನ ದಾರ ಬಿಚ್ಚತೊಡಗಿದರು.